ಬಿಪಿ ನಾರ್ಮಲ್ ಬಂದಿದೆ, ಮಾತ್ರೆ ಬಿಡಲೇ?

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 56 ವರ್ಷ. ಪಾಂಡವಪುರ ತಾಲ್ಲೂಕಿನಲ್ಲಿ ಆಲೆಮನೆ ಇಟ್ಟುಕೊಂಡಿದ್ದೇನೆ. ಸಕ್ಕರೆ ಕಾಯಿಲೆ ಬಂದು 11 ವರ್ಷ, ಬಿಪಿ ಬಂದು 4 ವರ್ಷ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್ ನುಂಗುತ್ತೇನೆ. ಎರಡು ತಿಂಗಳ ಹಿಂದೆ ಬಿಪಿ 126/78 ಬಂತು. ನಾರ್ಮಲ್ ಆಯಿತಲ್ಲ ಎಂದು ಬಿಪಿ ಮಾತ್ರೆ ನಿಲ್ಲಿಸಿಬಿಟ್ಟೆ. ಮೊನ್ನೆ ಹೋದಾಗ 158/94. ಡಾಕ್ಟರು ಬೈದು ಮತ್ತೆ ಶುರು ಮಾಡಿಸಿದರು. “ಶುಗರು, ಬಿಪಿ ಎರಡೂ ಜೊತೆಗಿದ್ದರೆ ರಕ್ತನಾಳದ ರಿಸೆಪ್ಟರ್‌ಗಳೇ ಹದ ತಪ್ಪುತ್ತವೆ, ಹುಡುಗಾಟ ಆಡಬೇಡಿ” ಅಂದರು. ಹೊರಗೆ ಜನ ಕಾಯುತ್ತಿದ್ದರು, ಹಾಗಂದರೇನು ಎಂದು ಕೇಳಲು ಸಂಕೋಚವಾಯಿತು. ನಮ್ಮ ಷಡ್ಡಕರಿಗೂ ಬಿಪಿ ಇದೆ, ಅವರಿಗೆ ಅಟೆನೊಲಾಲ್ ಕೊಟ್ಟಿದ್ದಾರೆ. ನನಗೇಕೆ ಬೇರೆ? ಇನ್ನೊಂದು ವಿಷಯ. ಬೆಳಗಿನ ಜಾವ ಹಾಸಿಗೆಯಿಂದ ಎದ್ದು ನಿಂತರೆ ಕಣ್ಣು ಕತ್ತಲಿಟ್ಟ ಹಾಗೆ ಆಗುತ್ತದೆ. ಇದೂ ಅದರದ್ದೇನಾ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಮ್ಮಪ್ಪನದೂ ಆಲೆಮನೆ, ಶ್ರೀರಂಗಪಟ್ಟಣದ ಆಚೆ. ಅವರಿಗೂ ಎರಡೂ ಇತ್ತು. ಅವರೂ ನಿಮ್ಮ ಹಾಗೆಯೇ, “ಬಿಪಿ ಸರಿಹೋಯ್ತು ಕಣವ್ವ, ಇನ್ಯಾಕೆ ಮಾತ್ರೆ” ಎಂದು ಎಂಟು ತಿಂಗಳು ಬಿಟ್ಟಿದ್ದರು. ನಾನಾಗ ಮೈಸೂರಿನಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಪಾಠ ಮಾಡುತ್ತಿದ್ದೆ. ದಿನಾ ತರಗತಿಯಲ್ಲಿ ಇದನ್ನೇ ಹೇಳುತ್ತಿದ್ದವಳಿಗೆ ಮನೆಯ ವಿಷಯ ತಿಳಿದದ್ದು ಅಪ್ಪನ ಕಾಲು ಊದಿಕೊಂಡ ಮೇಲೆ. ಆ ಎಂಟು ತಿಂಗಳಿಂದಲೇ ಕಿಡ್ನಿ ಹೋಯಿತು ಎಂದು ನಾನು ಹೇಳುವುದಿಲ್ಲ, ಅದಕ್ಕೂ ಮುಂಚೆಯೇ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಹೋಗುತ್ತಿತ್ತು. ಆದರೆ ಆ ಎಂಟು ತಿಂಗಳು ನಮ್ಮ ಕೈಯಲ್ಲಿತ್ತು. ಕೊನೆಯ ಮೂರು ವರ್ಷ ವಾರಕ್ಕೆರಡು ದಿನ ಡಯಾಲಿಸಿಸ್‌ಗೆ ಅವರನ್ನು ಕರೆದುಕೊಂಡು ಓಡಾಡಿದ್ದೇನೆ. ಹಾಗಾಗಿ ನಿಮ್ಮ ಡಾಕ್ಟರು ಬೈದದ್ದನ್ನು ನಾನೂ ಒಮ್ಮೆ ಬೈದೆ ಎಂದೇ ತಿಳಿಯಿರಿ. 126/78 ಎನ್ನುವುದು ಮಾತ್ರೆ ಕೆಲಸ ಮಾಡುತ್ತಿದೆ ಎನ್ನುವುದರ ಲೆಕ್ಕ, ಕಾಯಿಲೆ ಹೋಗಿದೆ ಎನ್ನುವುದರ ಲೆಕ್ಕವಲ್ಲ. ಬಿಟ್ಟಾಗ 158 ಆಯಿತಲ್ಲ, ಅದೇ ಸಾಕ್ಷಿ.

ಈಗ ರಿಸೆಪ್ಟರ್ ವಿಷಯ. ಪಠ್ಯಪುಸ್ತಕದಲ್ಲಿ ಇದಕ್ಕೆ ‘ಗ್ರಾಹಕ’ ಎಂಬ ಮಾತಿದೆ. ಗ್ರಾಹಕ ಅಂದರೆ ನಮ್ಮ ಜನಕ್ಕೆ ಅಂಗಡಿಗೆ ಬಂದವರೇ ನೆನಪಾಗುವುದು, ಹಾಗಾಗಿ ನಾನು ರಿಸೆಪ್ಟರ್ ಎಂದೇ ಹೇಳುತ್ತೇನೆ. ನಿಮಗೆ ನೀರುಗಂಟಿ ಗೊತ್ತು. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ಸಾಲದು. ಆ ಸುದ್ದಿ ಕೇಳಿಸಿಕೊಂಡು ತೂಬು ಎತ್ತುವುದಕ್ಕೋ ಇಳಿಸುವುದಕ್ಕೋ ಒಬ್ಬ ಮನುಷ್ಯ ಬೇಕು. ರಕ್ತದಲ್ಲಿ ಹರಿದು ಬರುವ ಹಾರ್ಮೋನು, ನರದ ತುದಿಯಿಂದ ಸುರಿಯುವ ರಾಸಾಯನಿಕ, ಇವೆಲ್ಲ ಸುದ್ದಿ. ಕೋಶದ ಮೇಲೆ ಕೂತು ಆ ಸುದ್ದಿ ಹಿಡಿದು ಒಳಗೆ ಕೆಲಸ ಮಾಡಿಸುವ ಪ್ರೋಟೀನು ರಿಸೆಪ್ಟರ್. ಒಬ್ಬೊಬ್ಬ ನೀರುಗಂಟಿ ಒಂದೊಂದು ಬಗೆಯ ಸುದ್ದಿಗೆ ಮಾತ್ರ ಓಗೊಡುತ್ತಾನೆ.

ರಕ್ತನಾಳದ ಗೋಡೆಯಲ್ಲಿ ಸ್ನಾಯು ಇದೆ. ಅದು ಬಿಗಿದರೆ ನಾಳ ಕಿರಿದಾಗಿ ಬಿಪಿ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ‘ಬಿಗಿ’ ಎನ್ನುವ ಸುದ್ದಿ ಹಿಡಿಯುವವರಲ್ಲಿ ಮುಖ್ಯರು ಆಲ್ಫಾ-1 ಎಂಬ ರಿಸೆಪ್ಟರ್, ಅದು ನರದ ತುದಿಯಿಂದ ಸುರಿಯುವ ನಾರ್‌ಅಡ್ರಿನಲಿನ್‌ಗೆ ಓಗೊಡುತ್ತದೆ. ಇನ್ನೊಂದು ಎಟಿ-1, ಅದು ಆಂಜಿಯೊಟೆನ್ಸಿನ್-2 ಎಂಬ ಹಾರ್ಮೋನಿಗೆ. ‘ಸಡಿಲಿಸು’ ಎನ್ನುವ ಸುದ್ದಿ ಹಿಡಿಯುವ ರಿಸೆಪ್ಟರ್‌ಗಳು ಬಹಳಷ್ಟು ಇರುವುದು ನಾಳದ ಒಳಪೊರೆಯಲ್ಲಿ. ಈ ಒಳಪೊರೆ ಒಂದೇ ಒಂದು ಕೋಶದ ದಪ್ಪ. ಸುದ್ದಿ ಬಂದ ಕೂಡಲೇ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ವಲ್ಪವೇ ಸ್ವಲ್ಪ ತಯಾರಿಸಿ ಪಕ್ಕದ ಸ್ನಾಯುವಿಗೆ ದಾಟಿಸುತ್ತದೆ, ಸ್ನಾಯು ಸಡಿಲವಾಗುತ್ತದೆ.

ಒಳಪೊರೆಗೆ ಇಷ್ಟು ಕೆಲಸವಿದೆ ಎಂದು 1980ರವರೆಗೆ ಯಾರೂ ತಿಳಿದಿರಲಿಲ್ಲ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಅವರ ಪ್ರಯೋಗಾಲಯದಲ್ಲಿ ಮೊಲದ ಮಹಾಪಧಮನಿಯ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ತುಂಡಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಒಮ್ಮೆ ಸಡಿಲವಾಗುತ್ತಿತ್ತು, ಒಮ್ಮೆ ಬಿಗಿಯುತ್ತಿತ್ತು. ಹುಡುಕಿದಾಗ ತಿಳಿದದ್ದು, ತುಂಡು ಸಿದ್ಧಪಡಿಸುವಾಗ ಒಳಭಾಗ ಉಜ್ಜಿಹೋಗಿದ್ದರೆ ಬಿಗಿಯುತ್ತಿತ್ತು, ಒಳಪೊರೆ ಉಳಿದಿದ್ದರೆ ಸಡಿಲವಾಗುತ್ತಿತ್ತು. 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು.

ಇದನ್ನು ನಾನು ಕಣ್ಣಾರೆ ನೋಡಿದ್ದು ಪಿಜಿ ಓದುವಾಗ, ಇಲಿಯ ಮಹಾಪಧಮನಿಯಲ್ಲಿ. ಅಕ್ಕಿಕಾಳಿನಷ್ಟು ಅಗಲದ ಉಂಗುರ ಕತ್ತರಿಸಿ, 37 ಡಿಗ್ರಿ ಶಾಖದ ಲವಣದ ನೀರಿನಲ್ಲಿ ತೂಗುಹಾಕಿ, ಆಮ್ಲಜನಕದ ಗುಳ್ಳೆ ಬಿಡುತ್ತಾ ಕೂರಬೇಕು. ಮೊದಲು ಆಲ್ಫಾ-1 ಮೇಲೆ ಕೆಲಸ ಮಾಡುವ ಔಷಧಿ ಹಾಕಿ ಬಿಗಿಯುವುದು, ಆಮೇಲೆ ಅಸಿಟೈಲ್‌ಕೋಲಿನ್ ಹಾಕಿ ಸಡಿಲಿಸುವುದು. ಆರೋಗ್ಯದ ಇಲಿಯಾದರೆ ಕಾಗದದ ಮೇಲಿನ ಗೆರೆ ಸರ್ರನೆ ಕೆಳಗಿಳಿಯುತ್ತಿತ್ತು. ಸಕ್ಕರೆ ಕಾಯಿಲೆ ಬರಿಸಿದ ಇಲಿಯದು ಅರ್ಧ ದಾರಿಗೆ ಬಂದು ನಿಂತುಬಿಡುತ್ತಿತ್ತು. ಅದೇ ಉಂಗುರಕ್ಕೆ ನೈಟ್ರಿಕ್ ಆಕ್ಸೈಡನ್ನು ನೇರವಾಗಿ ಒದಗಿಸುವ ನೈಟ್ರೋಪ್ರುಸೈಡ್ ಹಾಕಿದರೆ ಪೂರ್ತಿ ಸಡಿಲ. ಅಂದರೆ ಸ್ನಾಯು ಕೆಟ್ಟಿಲ್ಲ, ಸಡಿಲವಾಗು ಎಂದು ಹೇಳಬೇಕಾದ ಒಳಪೊರೆ ಬಾಯಿ ಕಳೆದುಕೊಂಡಿದೆ. ಅರ್ಧ ದಾರಿಗೆ ನಿಂತ ಆ ಗೆರೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಕ್ಲಿನಿಕ್ಕಿನಲ್ಲಿ ಬಿಪಿ ಪಟ್ಟಿ ಸುತ್ತುವಾಗೆಲ್ಲ ಕಣ್ಣ ಮುಂದೆ ಬರುತ್ತದೆ.

ಸಕ್ಕರೆ ಒಳಪೊರೆಯನ್ನು ಹೇಗೆ ಕೆಡಿಸುತ್ತದೆ? ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾದು ಪಾಕ ಕೆಂಪಗಾಗುತ್ತದಲ್ಲ, ಅದರ ಹಿಂದಿನ ಕ್ರಿಯೆಗಳಲ್ಲೊಂದು ಸಕ್ಕರೆಯು ಪ್ರೋಟೀನಿನ ಅಂಶಕ್ಕೆ ಅಂಟಿಕೊಳ್ಳುವುದು. ಅದೇ ಕ್ರಿಯೆ ನಮ್ಮ ಮೈಯಲ್ಲಿ ಒಲೆಯಿಲ್ಲದೆ, 37 ಡಿಗ್ರಿಯಲ್ಲಿ, ವರ್ಷಗಟ್ಟಲೆ ನಡೆಯುತ್ತದೆ. ಮೂರು ತಿಂಗಳ ಸರಾಸರಿ ಎಂದು ಮಾಡಿಸುತ್ತೀರಲ್ಲ, ಎಚ್‌ಬಿಎ1ಸಿ, ಅದು ಕೆಂಪು ರಕ್ತಕಣದ ಪ್ರೋಟೀನಿಗೆ ಹೀಗೆ ಅಂಟಿದ ಸಕ್ಕರೆಯ ಅಳತೆ. ಕೆಂಪು ಕಣ 120 ದಿನಕ್ಕೆ ಸತ್ತು ಹೊಸದು ಬರುತ್ತದೆ. ರಕ್ತನಾಳದ ಗೋಡೆಯ ಪ್ರೋಟೀನು ಹಾಗಲ್ಲ, ಅದು ಬಹುಕಾಲ ಉಳಿಯುತ್ತದೆ, ಅಂಟಿದ್ದೂ ಉಳಿಯುತ್ತದೆ. ಹೀಗೆ ಸಕ್ಕರೆ ಹತ್ತಿ ಕೆಟ್ಟ ಪ್ರೋಟೀನನ್ನು ಹಿಡಿಯುವುದಕ್ಕೇ ಒಳಪೊರೆಯಲ್ಲಿ ‘ರೇಜ್’ ಎಂಬ ಇನ್ನೊಂದು ರಿಸೆಪ್ಟರ್ ಇದೆ. ಅದು ಹಿಡಿದಷ್ಟೂ ಅದರ ಸಂಖ್ಯೆಯೇ ಹೆಚ್ಚುತ್ತದೆ, ಒಳಗೆ ಉರಿಯೂತ ಏಳುತ್ತದೆ. ಆಮ್ಲಜನಕದ ಒಂದು ಪುಂಡ ರೂಪ, ಸೂಪರ್‌ಆಕ್ಸೈಡ್, ತಯಾರಾಗಿ ನೈಟ್ರಿಕ್ ಆಕ್ಸೈಡನ್ನು ದಾರಿಯಲ್ಲೇ ತಿಂದುಹಾಕುತ್ತದೆ.

ಬಿಪಿಯ ಕಡೆಯಿಂದ ಬರೋಣ. ಆಂಜಿಯೊಟೆನ್ಸಿನ್-2 ಎಟಿ-1 ಮೇಲೆ ಕೂತಾಗ ನಾಳ ಬಿಗಿಯುವುದಷ್ಟೇ ಅಲ್ಲ, ಅಲ್ಲೂ ಅದೇ ಸೂಪರ್‌ಆಕ್ಸೈಡ್ ತಯಾರಾಗುತ್ತದೆ. ನೋಡಿ, ಎರಡು ಕಾಯಿಲೆ ಎರಡು ಊರಿನಿಂದ ಬಂದರೂ ಕೊಳ್ಳೆ ಹೊಡೆಯುವುದು ಒಂದೇ ಮನೆಯನ್ನು. ಇಷ್ಟಕ್ಕೇ ಮುಗಿಯಲಿಲ್ಲ. ಇನ್ಸುಲಿನ್ ರಿಸೆಪ್ಟರ್ ಒಳಪೊರೆಯಲ್ಲೂ ಇದೆ. ಅದು ಎರಡು ದಾರಿಯಲ್ಲಿ ಸುದ್ದಿ ಕಳಿಸುತ್ತದೆ. ಒಂದು ದಾರಿ ನೈಟ್ರಿಕ್ ಆಕ್ಸೈಡಿಗೆ, ಇನ್ನೊಂದು ಎಂಡೊಥೀಲಿನ್ ಎಂಬ ವಸ್ತುವಿಗೆ. 1988ರಲ್ಲಿ ಜಪಾನಿನಲ್ಲಿ ಕಂಡುಹಿಡಿದ ಈ ಎಂಡೊಥೀಲಿನ್ ನಾಳವನ್ನು ಬಲವಾಗಿ ಬಿಗಿಯುತ್ತದೆ. ಇನ್ಸುಲಿನ್‌ಗೆ ಮೈ ಬಗ್ಗದ ಸ್ಥಿತಿಯಲ್ಲಿ ಮೊದಲ ದಾರಿ ಕಟ್ಟಿಕೊಳ್ಳುತ್ತದೆ, ಎರಡನೆಯದು ತೆರೆದೇ ಇರುತ್ತದೆ. ಸಡಿಲಿಸಬೇಕಿದ್ದ ಹಾರ್ಮೋನು ಬಿಗಿಯುವ ಕಡೆಗೆ ವಾಲಿಬಿಡುತ್ತದೆ. ಮೇಲೆ ಎಟಿ-1 ಚುರುಕಾದಷ್ಟೂ ಇನ್ಸುಲಿನ್ ರಿಸೆಪ್ಟರಿನ ಆ ಒಳ್ಳೆಯ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಬಿಪಿ ಹಿಡಿತ ತಪ್ಪಿದರೆ ಸಕ್ಕರೆ ಕಾಯಿಲೆ ಕೆಡುತ್ತದೆ, ಸಕ್ಕರೆ ಕಾಯಿಲೆ ಹಿಡಿತ ತಪ್ಪಿದರೆ ಬಿಪಿ ಕೆಡುತ್ತದೆ. ನಿಮ್ಮ ಡಾಕ್ಟರು ಹದ ತಪ್ಪುತ್ತದೆ ಅಂದದ್ದು ಇದನ್ನು. ಒಳ್ಳೆಯ ಮಾತು ಆರಿಸಿದ್ದಾರೆ.

ನಿಮ್ಮ ಟೆಲ್ಮಿಸಾರ್ಟನ್ ಮಾಡುವ ಕೆಲಸ ಎಟಿ-1 ಮೇಲೆ ತಾನು ಕೂತು ಆಂಜಿಯೊಟೆನ್ಸಿನ್‌ಗೆ ಜಾಗ ಕೊಡದಿರುವುದು. ಕಿಡ್ನಿಯ ಸೋಸುವ ಗಂಟುಗಳಿಂದ ರಕ್ತ ಹೊರಹೋಗುವ ಸಣ್ಣ ನಾಳವನ್ನು ಆಂಜಿಯೊಟೆನ್ಸಿನ್ ಬಿಗಿಹಿಡಿದು ಒಳಗೆ ಒತ್ತಡ ಏರಿಸುತ್ತದೆ. ಈ ಮಾತ್ರೆ ಅದನ್ನು ಸಡಿಲಿಸುವುದರಿಂದ ಗಂಟಿನ ಮೇಲಿನ ಭಾರ ಇಳಿಯುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುವ ಸಕ್ಕರೆ ರೋಗಿಗಳಿಗೆ ಈ ಗುಂಪನ್ನೇ ಆರಿಸುವುದು ಅದಕ್ಕೆ. ಬಿಪಿ ಹಿಡಿತದಲ್ಲಿಟ್ಟರೆ ಎಷ್ಟು ಫಲ ಎಂದು ಅನುಮಾನವಿದ್ದರೆ, 1998ರಲ್ಲಿ ಇಂಗ್ಲೆಂಡಿನ ದೊಡ್ಡ ಅಧ್ಯಯನವೊಂದರ ಲೆಕ್ಕ ಬಂತು. 1148 ಸಕ್ಕರೆ ರೋಗಿಗಳಲ್ಲಿ ಒಂದು ಗುಂಪಿನ ಬಿಪಿ ಸರಾಸರಿ 144/82, ಇನ್ನೊಂದರದು 154/87. ಬರೀ ಹತ್ತು ಅಂಕದ ವ್ಯತ್ಯಾಸಕ್ಕೆ ಲಕ್ವ ಶೇ 44ರಷ್ಟು, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು ಶೇ 32ರಷ್ಟು ಕಡಿಮೆ. ಈಗ ನಾವು 130/80ಕ್ಕಿಂತ ಕೆಳಗೆ ಇಡಲು ನೋಡುತ್ತೇವೆ.

ಷಡ್ಡಕರ ಅಟೆನೊಲಾಲ್ ಬೀಟಾ-1 ರಿಸೆಪ್ಟರ್ ಮೇಲೆ ಕೂರುವ ಮಾತ್ರೆ, ಹೃದಯದ ಬಡಿತ ಇಳಿಸುತ್ತದೆ. ಅವರಿಗೆ ಅದು ಬೇಕಾದ ಕಾರಣವಿರಬಹುದು, ಅವರೂ ತಟ್ಟನೆ ನಿಲ್ಲಿಸಬಾರದು. ನಿಮ್ಮ ಸ್ಥಿತಿ ಬೇರೆ. ಗ್ಲಿಮೆಪಿರೈಡ್‌ನಿಂದ ಶುಗರ್ ಲೋ ಆಗಬಹುದು. ಆಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಮೈ ಕೊಡುವ ಎಚ್ಚರಿಕೆ. ಬೀಟಾ ಮಾತ್ರೆ ಆ ಎಚ್ಚರಿಕೆಯನ್ನು ಅಡಗಿಸಿಬಿಡಬಹುದು, ಬೆವರು ಮಾತ್ರ ಉಳಿಯುತ್ತದೆ. ಕೊಪ್ಪರಿಗೆ ಒಲೆಯ ಮುಂದೆ ನಿಂತವರಿಗೆ ಬೆವರು ಯಾವುದರದ್ದು ಎಂದು ಹೇಗೆ ತಿಳಿಯಬೇಕು? ಅವರ ಮಾತ್ರೆ ನೀವು, ನಿಮ್ಮದು ಅವರು ಬದಲಾಯಿಸಿಕೊಳ್ಳಬೇಡಿ.

ಕೊನೆಗೆ ಕಣ್ಣು ಕತ್ತಲಿಡುವುದು. ಕತ್ತಿನ ರಕ್ತನಾಳದ ಕವಲಿನಲ್ಲಿ, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನಲ್ಲಿ ಒತ್ತಡವನ್ನೇ ಅಳೆಯುವ ರಿಸೆಪ್ಟರ್‌ಗಳಿವೆ. ನಾವು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ಇವು ಕೂಡಲೇ ಮಿದುಳಿಗೆ ತಿಳಿಸಿ ನಾಳ ಬಿಗಿಸುತ್ತವೆ. ಬಹುಕಾಲದ ಬಿಪಿಯಿಂದ ಗೋಡೆ ಗಡಸಾಗಿ ಇವು ಮಂದವಾಗುತ್ತವೆ. ಬಹುಕಾಲದ ಸಕ್ಕರೆಯಿಂದ ಸುದ್ದಿ ಒಯ್ಯುವ ನರ ಸೊರಗುತ್ತದೆ. ಹಾಗಾಗಿ ನಿಮ್ಮದು ಅದೇ ಇರಬಹುದು, ಶುಗರ್ ಲೋ ಕೂಡ ಇರಬಹುದು. ಆ ಹೊತ್ತಿನಲ್ಲಿ ಒಮ್ಮೆ ಬೆರಳು ಚುಚ್ಚಿ ಶುಗರ್ ನೋಡಿ. ಡಾಕ್ಟರ ಹತ್ತಿರ ಹೋದಾಗ ಮಲಗಿದ್ದು ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಬಿಪಿ ನೋಡಲು ಕೇಳಿ. ಮೇಲಿನ ಅಂಕ 20 ಇಳಿದರೆ ಅವರು ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಬದಲಿಸುತ್ತಾರೆ. ಪ್ರಾಸ್ಟೇಟ್‌ಗೆಂದು ಟಾಮ್ಸುಲೋಸಿನ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಅದು ಆಲ್ಫಾ-1 ತಡೆಯುವ ಮಾತ್ರೆ. ಅಲ್ಲಿಯವರೆಗೆ ಎದ್ದ ಕೂಡಲೇ ನಿಲ್ಲದೆ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು ಆಮೇಲೆ ನಿಲ್ಲಿ. ಸೊಂಟ ನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತಂದು ನುಂಗುವ ಅಭ್ಯಾಸ ಆಲೆಮನೆಗಳಲ್ಲಿ ಬಹಳ. ಅದು ಬಿಪಿ ಏರಿಸುತ್ತದೆ, ಕಿಡ್ನಿಗೂ ಕೆಟ್ಟದ್ದು. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಪ್ರಮಾಣ ಮಾಡಿಸಿ ಎಷ್ಟು ದಿನವಾಯಿತು? ನಿಮ್ಮ ಕಾಗದದಲ್ಲಿ ಅದರ ಮಾತೇ ಇಲ್ಲ. 30ಕ್ಕಿಂತ ಕೆಳಗಿರಬೇಕು. ಈ ವಾರವೇ ಮಾಡಿಸಿ.

ಪ್ರಶ್ನೆ: ನಾನು ಮೈಸೂರು ಸರಸ್ವತಿಪುರದ ನಿವೃತ್ತ ಶಿಕ್ಷಕಿ, 61 ವರ್ಷ, ಸಕ್ಕರೆ ಮತ್ತು ಬಿಪಿ ಎರಡೂ ಇವೆ. ಎನಾಲಪ್ರಿಲ್ ಶುರುವಾಗಿ ಎರಡು ತಿಂಗಳು. ಆರು ವಾರದಿಂದ ಒಣಕೆಮ್ಮು, ರಾತ್ರಿ ನಿದ್ದೆಯಿಲ್ಲ. ಮೂರು ಬಾಟಲಿ ಸಿರಪ್ ಮುಗಿಸಿದೆ. ಕಷಾಯವೂ ಆಯಿತು.

ಉತ್ತರ: ಟೀಚರ್, ಇನ್ನು ಸಿರಪ್ ಸಾಕು. ಎನಾಲಪ್ರಿಲ್ ತಡೆಯುವುದು ಆಂಜಿಯೊಟೆನ್ಸಿನ್-2 ತಯಾರಿಸುವ ಕಿಣ್ವವನ್ನು. ಅದೇ ಕಿಣ್ವ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದುಹಾಕುವ ಕೆಲಸವನ್ನೂ ಮಾಡುತ್ತದೆ. ತಡೆದಾಗ ಬ್ರಾಡಿಕೈನಿನ್ ಉಳಿಯುತ್ತದೆ. ಅದು ರಕ್ತನಾಳದ ಒಳಪೊರೆಗೆ ಹಿತ, ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ, ಆದರೆ ಶ್ವಾಸನಾಳದಲ್ಲಿ ಕೆರೆತ ತರುತ್ತದೆ. ಹೆಂಗಸರಿಗೆ ಈ ಕೆಮ್ಮು ಹೆಚ್ಚು. ಈ ಗುಂಪಿನ ಔಷಧಿಗಳ ಮೂಲ ಬ್ರೆಜಿಲ್‌ನ ಜರಾರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷ. ಅದರೊಳಗಿನ ವಸ್ತು ಬ್ರಾಡಿಕೈನಿನ್ ಒಡೆಯದಂತೆ ತಡೆಯುವುದನ್ನು ನೋಡಿ ಮುಂದೆ ಕ್ಯಾಪ್ಟೊಪ್ರಿಲ್ ತಯಾರಾಯಿತು, 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು.

ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಕೆಮ್ಮಿನ ವಿಷಯ ಈ ವಾರವೇ ಹೇಳಿ. ರಿಸೆಪ್ಟರನ್ನೇ ತಡೆಯುವ ಲೊಸಾರ್ಟನ್, ಟೆಲ್ಮಿಸಾರ್ಟನ್ ಗುಂಪಿಗೆ ಬದಲಿಸುತ್ತಾರೆ. ಕೆಮ್ಮು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ಹೋಗದಿದ್ದರೆ ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಆಗಲೇಬೇಕು. ಸಕ್ಕರೆ ಇರುವವರಿಗೆ ಕ್ಷಯದ ಭಯ ಜಾಸ್ತಿ. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಮದ್ದೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಮಾವ ಎಳನೀರು ಮಾರುಕಟ್ಟೆಯಲ್ಲಿ ಲೋಡಿಂಗ್ ಮಾಡಿಸುತ್ತಾರೆ. ಶುಗರ್, ಬಿಪಿ ಎರಡೂ ಇದೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಕ್ರಿಯಾಟಿನಿನ್ 2.1 ಬಂದಿದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಎಳನೀರು ಕುಡಿಯುತ್ತಾರೆ, ತಂಪು ಅಂತ. ಉಪ್ಪು ಕಡಿಮೆ ಮಾಡಲು ಸೋಡಿಯಂ ಕಡಿಮೆ ಇರುವ ಉಪ್ಪು ತಂದಿದ್ದೇನೆ. ಸರಿನಾ ಮೇಡಂ?

ಉತ್ತರ: ತಾಯಿ, ಎರಡನ್ನೂ ಇವತ್ತೇ ನಿಲ್ಲಿಸಿ. ಮಾತ್ರೆಯನ್ನಲ್ಲ. ಎಟಿ-1 ರಿಸೆಪ್ಟರ್ ಅಡ್ರಿನಲ್ ಗ್ರಂಥಿಯಲ್ಲೂ ಇದೆ. ಅಲ್ಲಿ ಅದು ಅಲ್ಡೋಸ್ಟಿರೋನ್ ಎಂಬ ಹಾರ್ಮೋನು ಹೊರಡಿಸಿ ಪೊಟ್ಯಾಷಿಯಂ ಮೂತ್ರದಲ್ಲಿ ಹೋಗುವ ಹಾಗೆ ಮಾಡುತ್ತದೆ. ಮಾತ್ರೆ ಅದನ್ನು ತಡೆಯುತ್ತದೆ, ಕ್ರಿಯಾಟಿನಿನ್ 2.1 ಅಂದರೆ ಕಿಡ್ನಿಯೂ ಸೊರಗಿದೆ, ಪೊಟ್ಯಾಷಿಯಂ ಮೈಯಲ್ಲೇ ನಿಲ್ಲುತ್ತದೆ. ಎಳನೀರಿನಲ್ಲಿ ಅದು ಧಾರಾಳ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಹಾಕುವುದು ಪೊಟ್ಯಾಷಿಯಂ ಕ್ಲೋರೈಡನ್ನೇ. ರಕ್ತದಲ್ಲಿ ಅದು 3.5ರಿಂದ 5ರೊಳಗೆ ಇರಬೇಕು. ಬಹಳ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ, ಮುನ್ಸೂಚನೆಯೂ ಇಲ್ಲದೆ.

ನೀವು ಅವರ ಒಳ್ಳೆಯದಕ್ಕೇ ಆ ಉಪ್ಪು ತಂದಿರಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಾಮೂಲಿ ಉಪ್ಪನ್ನೇ ಬಳಸಿ, ಒಬ್ಬರಿಗೆ ದಿನಕ್ಕೆ ಒಂದು ಚಹಾ ಚಮಚಕ್ಕಿಂತ ಕಡಿಮೆ, ಅಂದರೆ 5 ಗ್ರಾಂ ಒಳಗೆ. ಉಪ್ಪೆಸರಿನ ಉಪ್ಪು, ಉಪ್ಪಿನಕಾಯಿಯದ್ದು, ಎಲ್ಲ ಸೇರಿ. ಮುದ್ದೆಗೆ ಉಪ್ಪು ಹಾಕುವುದು ಬಿಡಿ, ಸಾರಿನ ಜೊತೆ ಗೊತ್ತಾಗುವುದಿಲ್ಲ. ಪೊಟ್ಯಾಷಿಯಂ, ಕ್ರಿಯಾಟಿನಿನ್ ನಾಳೆಯೇ ಮಾಡಿಸಿ ಡಾಕ್ಟರಿಗೆ ತೋರಿಸಿ. ವಾಂತಿ ಭೇದಿಯಾದ ದಿನ ಟೆಲ್ಮಿಸಾರ್ಟನ್ ಕೊಡುವ ಮುಂಚೆ ಡಾಕ್ಟರನ್ನು ಕೇಳಿ.

ಪ್ರಶ್ನೆ: ಹೆಸರು, ಊರು ಬೇಡ. 47 ವರ್ಷ. ಆರು ವರ್ಷದಿಂದ ಸಕ್ಕರೆ, ಒಂದು ವರ್ಷದಿಂದ ಬಿಪಿ. ಈಚೆಗೆ ಹೆಂಡತಿಯ ಜೊತೆ ಸೇರಲು ಆಗುತ್ತಿಲ್ಲ. ಬಿಪಿ ಮಾತ್ರೆಯಿಂದಲೇ ಹೀಗಾಗಿದೆ ಎಂದು ಗೆಳೆಯರು ಹೇಳುತ್ತಾರೆ. ಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಇದನ್ನು ಬರೆದು ಕೇಳಿದಿರಲ್ಲ, ಒಳ್ಳೆಯದು ಮಾಡಿದಿರಿ. ಮೇಲೆ ಹೇಳಿದ ಒಳಪೊರೆಯ ನೈಟ್ರಿಕ್ ಆಕ್ಸೈಡ್ ಇಲ್ಲೂ ಬೇಕು. ಅದು ನಾಳ ಸಡಿಲಿಸಿದರೆ ತಾನೇ ರಕ್ತ ತುಂಬುವುದು. ಆ ಭಾಗದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಹಾಗಾಗಿ ಒಳಪೊರೆ ಕೆಟ್ಟದ್ದು ಅನೇಕರಿಗೆ ಮೊದಲು ಅಲ್ಲಿಯೇ ಗೊತ್ತಾಗುತ್ತದೆ. ಕೆಲವು ಬಿಪಿ ಮಾತ್ರೆಗಳು, ಕೆಲವು ಬೀಟಾ ಗುಂಪಿನವು, ನೀರು ಹೋಗಿಸುವ ಕೆಲವು, ಈ ತೊಂದರೆ ಕೊಡುವುದುಂಟು. ಅಂಥದ್ದಿದ್ದರೆ ಡಾಕ್ಟರು ಬದಲಿಸಬಹುದು, ನೀವು ಬಿಡುವುದಲ್ಲ. ನಿಮಗೆ ಬೇಕಾದದ್ದು ಹೃದಯದ ತಪಾಸಣೆ, ಕೊಲೆಸ್ಟ್ರಾಲ್, ಎಚ್‌ಬಿಎ1ಸಿ. ಬೀಡಿ ಸಿಗರೇಟು ಇದ್ದರೆ ಅದು ಇಂದೇ ನಿಲ್ಲಬೇಕು, ಅದೂ ಒಳಪೊರೆಯನ್ನೇ ಸುಡುವುದು.

ಯಾರೋ ಹೇಳಿದರೆಂದು ಈ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ತಂದು ನುಂಗಬೇಡಿ. ಎದೆನೋವಿಗೆ ನಾಲಿಗೆಯ ಕೆಳಗಿಡುವ ಐಸೊಸಾರ್ಬೈಡ್ ತರಹದ ಮಾತ್ರೆ ಬಳಸುವವರು ಅದನ್ನು ತೆಗೆದುಕೊಂಡರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತದೆ. ಪರೀಕ್ಷೆ ಆದ ಮೇಲೆ ಡಾಕ್ಟರೇ ಬರೆದುಕೊಟ್ಟರೆ ಅದು ಬೇರೆ ಮಾತು. ಹೆಂಡತಿಗೆ ಏನೂ ಹೇಳಿಲ್ಲ ಎಂದು ಕಾಗದದ ಕೊನೆಯಲ್ಲಿ ಬರೆದಿದ್ದೀರಿ. ಅವರು ತಮ್ಮಲ್ಲೇ ಏನೋ ಕೊರತೆ ಎಂದುಕೊಂಡು ಕೊರಗುತ್ತಿರಬಹುದು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.